ನಾಲ್ಕೂವರೆ ಇಂಚು

ಡಬ್ಬಿ ಬಂದು ಮೂರು ದಿನ, ಮೂರು ದಿನವೂ ಮೋಡ.
ನಾಲ್ಕನೆಯ ಸಂಜೆ ಶಿಡ್ಲಘಟ್ಟದ ಮೇಲೆ
ತೊಳೆದು ಕವುಚಿಟ್ಟ ಬೋಗುಣಿಯ ಹಾಗೆ ಆಕಾಶ.
ಬಿಚ್ಚಾಣಿಕೆ ಮುಗಿಸಿ ಕೈ ಒರೆಸಿಕೊಂಡು ಹೊರಟವಳನ್ನು
ಮಾಳಿಗೆಯಿಂದ ಕೂಗಿದಳು ಯಜಮಾನರ ಮಗಳು ತರನ್ನುಮ್:
“ರವಣಕ್ಕಾ, ಒಂದು ಕೈ ಹಿಡಿ ಬಾ, ಇದು ನಿಲ್ತಾ ಇಲ್ಲ.”

ಮೂರು ಕಾಲು. ಒಂದು ಕುಂಟು.
ಅದರ ಕೆಳಗೆ ಮುರಿದ ಬಾಬಿನ್ನಿನ ಚೂರು ಸಿಕ್ಕಿಸಿದೆ, ನಿಂತಿತು.
ಮೇಲೆ ಬಾಯಿ ತೆರೆದ ಕೊಳವೆ,
ನೋಡುವ ತೂತು ಮಾತ್ರ ಪಕ್ಕೆಯಲ್ಲಿ.
“ಹಿಂದುಗಡೆಯಿಂದ ನೋಡೋದಲ್ವಾ?”
“ಹಿಂದುಗಡೆ ಕನ್ನಡಿ ಅಕ್ಕಾ. ನಾಲ್ಕೂವರೆ ಇಂಚು.
ಬೆಳಕು ತಳಕ್ಕೆ ಹೋಗಿ, ಪುಟಿದು ಮೇಲೆ ಬಂದು,
ಈ ಪುಟ್ಟ ಕನ್ನಡಿಗೆ ತಾಗಿ, ಪಕ್ಕಕ್ಕೆ ಹೊರಳಿ ಕಣ್ಣಿಗೆ.”
ಬೇಸಿನ್ನಿನಿಂದ ಎದ್ದ ಎಳೆ ಗುಂಡಿಯ ತೂತು ನುಸುಳಿ
ಗಾಲಿ ಗಾಲಿ ಹೊರಳಿ ಚರಕಕ್ಕೆ ಬರುವುದಿಲ್ಲವೆ,
ಹಾಗೇ ಅಂದುಕೊಂಡೆ.

ಕನ್ನಡಿಯ ಮೇಲೆ ಧೂಳು. ಸೆರಗು ಚಾಚಿದೆ.
ಕಿರುಚಿದಳು ಹುಡುಗಿ, ಸಾರಿನಲ್ಲಿ ಹಲ್ಲಿ ಕಂಡಂತೆ.
ಧೂಳಿದ್ದರೂ ನಡೆಯುತ್ತದಂತೆ, ಗೀರು ಬಿದ್ದರೆ ಮುಗೀತಂತೆ.
ಹೊರಗಿನ ತಂಪಿಗೆ ಕನ್ನಡಿ ಒಗ್ಗಲು
ಅರ್ಧ ಗಂಟೆ ಸುಮ್ಮನೆ ಬಿಡಬೇಕಂತೆ.
ಮೂವತ್ತು ವರ್ಷದ ಹಿಂದೆ ಕುದಿನೀರಿಗೆ ಒಗ್ಗಲು
ನನ್ನ ಬೆರಳಿಗೆ ಯಾರೂ ಅರ್ಧ ಗಂಟೆ ಕೊಟ್ಟಿರಲಿಲ್ಲ. ಇರಲಿ.

ಬೆಳಕಿರುವಾಗಲೇ ದೊಡ್ಡ ಕೊಳವೆಗೂ
ಅದರ ಬೆನ್ನೇರಿದ ಕಿರುಕೊಳವೆಗೂ ಒಂದೇ ಗುರಿ ಕಲಿಸಬೇಕು.
ಚಿಂತಾಮಣಿ ರಸ್ತೆಯ ಟವರ್ ಹಿಡಿದಳು. ನೋಡಿದೆ:
ಟವರ್ ಆಕಾಶದಿಂದ ಇಳಿಬಿದ್ದಿದೆ,
ತುದಿಯಲ್ಲೊಂದು ಕಾಗೆ, ಕಾಲು ಮೇಲೆ,
ಗಾಬರಿಯೇ ಇಲ್ಲದೆ ಪುಕ್ಕ ಕೆದರಿಕೊಳ್ಳುತ್ತಿದೆ.
“ತಲೆಕೆಳಗಾ?”
“ಹಾಗೇ ಕಾಣೋದು ಅಕ್ಕಾ. ಚುಕ್ಕಿಗಳಿಗೆ ನಡೆಯುತ್ತೆ.”

ಕತ್ತಲಾಯಿತು. ತೆಂಕಣಕ್ಕೆ ಮಿನುಗದ ಒಂದು ಚುಕ್ಕಿ.
“ಅದೇ ಶನಿ,” ಅಂದಳು,
ಪಕ್ಕದ ಬೀದಿಯವನ ಹೆಸರು ಹೇಳಿದಷ್ಟು ಸಲೀಸಾಗಿ.
ನನ್ನ ಕೈ ತಾನೇ ಕೆನ್ನೆಗೆ ಹೋಯಿತು.
ಶನಿವಾರ ಶನಿವಾರ ಎಳ್ಳೆಣ್ಣೆ ಹಚ್ಚಿ, ಎದುರು ನಿಲ್ಲದೆ
ಓರೆಯಾಗಿ ಕೈಮುಗಿದು ಬಂದವಳು ನಾನು.

ಹುಡುಕಿದಳು. ತಿರುಗಿಸಿದಳು. ಕಾಲು ತಾಗಿಸಿ ಬೈದುಕೊಂಡಳು.
ಕಿರಿದರಲ್ಲಿ ಇದ್ದಾನೆ, ಹಿರಿದರಲ್ಲಿ ಇಲ್ಲ.
ಕೂದಲೆಳೆಯಷ್ಟು ತಳ್ಳಿದರೆ ಊರು ದಾಟಿ ಹೋಗುತ್ತಾನೆ.
“ಸರಿ ನೀನು,” ಅಂದೆ.
ಬೆಂದ ಗೂಡಿನ ಮೇಲೆ ತುದಿ ಹುಡುಕುವಾಗ
ಎಳೆಯಬಾರದು; ಸವರಬೇಕು, ಬಂದೇ ಬರುತ್ತದೆ ಅಂತ.
ಹಾಗೇ ಸವರಿದೆ ಕೊಳವೆಯ ಬೆನ್ನು, ಉಸಿರು ಹಿಡಿದು.
ಕಪ್ಪು. ಕಪ್ಪು. ಆಮೇಲೆ ಮಸುಕು ಬೆಳಕಿನದೊಂದು ಬಳೆ.
ತಿರುಪು ತಿರುಗಿಸಿದಷ್ಟೂ ಕುಗ್ಗಿತು, ಇನ್ನೂ ಕುಗ್ಗಿತು,
ಕಚ್ಚಿತು.

ಡಬ್ಬಿಯ ಚಿತ್ರದಲ್ಲಿ ತಟ್ಟೆಯಗಲದ ಉಂಗುರ.
ಇಲ್ಲಿ ರಾಗಿಕಾಳಿಗಿಂತ ಚಿಕ್ಕ, ಕೆನೆಬಣ್ಣದ ಮಣಿ,
ಅದನ್ನು ಆರಪಾರ ಚುಚ್ಚಿದ ಒಂದು ಸೂಜಿ.
ಹುಡುಗಿಯ ಮುಖ ಇಳಿಯಿತು. ಈ ವರ್ಷ ಉಂಗುರ
ಅಂಚನ್ನಷ್ಟೇ ತೋರಿಸುತ್ತಿದೆಯಂತೆ,
ನಾಲ್ಕಾರು ವರ್ಷ ಕಾದರೆ ಅಗಲವಾಗಿ ತೆರೆಯುತ್ತದಂತೆ.

ನನಗೇನೂ ಕಡಿಮೆ ಅನ್ನಿಸಲಿಲ್ಲ.
ಏಳೂವರೆ ವರ್ಷ ಅವನು ನನ್ನನ್ನು ನೋಡಿದ್ದ:
ಗಂಡನ ಆಟೋ, ಮೊದಲ ಕೂಸು, ಕಿವಿಯ ಓಲೆ,
ಒಂದೊಂದೇ ಅವನ ಲೆಕ್ಕಕ್ಕೆ ಬರೆದಿದ್ದೆವು.
ಈಗ ನಾನು ನೋಡಿದೆ. ನೇರ. ರೆಪ್ಪೆ ಹೊಡೆಯದೆ.
ಇಷ್ಟೇ ಇಷ್ಟು. ನಡುಗುತ್ತಿದ್ದ.

“ನಡುಗ್ತಿರೋದು ಗಾಳಿ ಅಕ್ಕಾ, ಬಾಯ್ಲರ್ ಬಿಸಿಗೆ.”
ಅಷ್ಟರಲ್ಲಿ ಜಾರಿದ, ಅಂಚಿಗೆ ಹೋಗಿ ಮರೆಯಾದ.
ಸವರಿ ತಂದೆ. ಮತ್ತೆ ಜಾರಿದ.
“ಓಡ್ತಿದಾನಲ್ಲೇ!”
“ಓಡ್ತಿರೋದು ನಾವು.”
ಮಾಳಿಗೆಯನ್ನು ನೋಡಿದೆ. ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು,
ಮೂಲೆಯಲ್ಲಿ ನನ್ನ ಚಪ್ಪಲಿ. ಯಾವುದೂ ಅಲುಗಲಿಲ್ಲ.

ಕೆಳಗೆ ಬೂದಿ ಕೆದಕುತ್ತಿದ್ದ ಅಮಾನುಲ್ಲಾ ಕೇಳಿದ:
“ಯಾರು ಸಿಕ್ಕಿದ್ರು ಮೇಲೆ?”
“ಶನಿ.”
“ಯಾರ ಮನೆ ಕಡೆ ಮುಖ ಮಾಡಿದಾನೆ?”

ಬೂದಿ ಬೀಳದಂತೆ ಕೊಳವೆಯ ಬಾಯಿಗೆ
ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸುವ ಮುಂಚೆ
ಒಮ್ಮೆ ಒಳಗೆ ಬಗ್ಗಿದೆ. ತಳದಲ್ಲಿ
ಊದಿಕೊಂಡ ಒಂದು ಕಣ್ಣು, ನನ್ನದೇ ಇರಬೇಕು,
ನೇರವೋ ತಲೆಕೆಳಗೋ ತಿಳಿಯಲಿಲ್ಲ.
ಬೆಳಗ್ಗೆ ಐದಕ್ಕೆ ನೀರು ಕಾಯಬೇಕು.