ಒಗರು

ಧಾರಾವಿಯ ತೊಂಬತ್ತಡಿ ರಸ್ತೆಯಿಂದ ಒಳಗೆ ಮೂರನೇ ತಿರುವು.
ಹೊಲಿಗೆ ಮಶೀನು ಮೂರು, ಫ್ಯಾನು ಒಂದು.
ನಿನ್ನೆ ಮಧ್ಯಾಹ್ನ ಒಬ್ಬಾಕೆ ಚೀಲವೊಂದನ್ನು
ನನ್ನ ಕೊಯ್ಯುವ ಕಲ್ಲಿನ ಮೇಲೆ ಇಟ್ಟಳು.
ಮಾಟುಂಗಾದವಳು, ಛತ್ರಿ ಇನ್ನೂ ಸೋರುತ್ತಿತ್ತು.
"ಅಪ್ಪ ರೈಲ್ವೆಯಲ್ಲಿ ಟೀಸಿ ಆಗಿದ್ದರು.
ಮೂವತ್ತನಾಲ್ಕು ವರ್ಷ ಇದೊಂದೇ ಚೀಲ.
ಹೊಲಿಗೆ ಬಿಟ್ಟಿದೆ, ನೋಡಿ."

ನೋಡಿದೆ. ದಾರ ಸೋತಿತ್ತು. ತೊಗಲು ಸೋತಿರಲಿಲ್ಲ.
ಪಟ್ಟಿ ಯಾರದೋ ಹೆಗಲಿನ ಬಾಗು ಹಿಡಿದು ನಿಂತಿತ್ತು.
ಮೂಸಿದೆ. ಮೊದಲು ಮಳೆ, ಆಮೇಲೆ ಚಿಲ್ಲರೆ ಕಾಸು,
ಎಲ್ಲಕ್ಕೂ ತಳದಲ್ಲಿ
ತಂಗಡಿ ತೊಗಟೆ.

ಅಜ್ಜ ಭೀಮಶಾನ ಕೈ ಹೀಗೇ ನಾರುತ್ತಿತ್ತು.
ಅವನು ಮುರಿದುಕೊಟ್ಟ ರೊಟ್ಟಿಯೂ.

ದೇವನಾರದಿಂದ ಉಪ್ಪುಂಡು ಬರುತ್ತಿದ್ದವು ಎಮ್ಮೆ ತೊಗಲು,
ಹಸಿ, ಭಾರ, ಇನ್ನೂ ಎಮ್ಮೆತನ ಬಿಡದೆ.
ಸುಣ್ಣದ ಗುಂಡಿಯಲ್ಲಿ ಎಂಟು ಹಗಲು.
ಕೂದಲು ತಾನಾಗಿ ಜಾರಬೇಕು, ಎಳೆಯಬಾರದು.
ದಿಮ್ಮಿಯ ಮೇಲೆ ಹರಡಿ, ಬಾಗಿದ ಕತ್ತಿ ಹಿಡಿದು
ಒಳಮೈಯ ಕೊಬ್ಬು ಒಂದೆಳೆ ಉಳಿಯದ ಹಾಗೆ ಹೆರೆಯುವನು.
ಸುಣ್ಣ ಬಿಡಿಸಲು ಗೋದಿ ತೌಡಿನ ಹುಳಿನೀರು.
ಹೆಬ್ಬೆರಳು ಒತ್ತಿದರೆ ಗುರುತು ಹಾಗೇ ನಿಲ್ಲಬೇಕು:
"ಈಗ ನೋಡು, ನಾದಿದ ಹಿಟ್ಟಿನಂಗ."

ಆಮೇಲೆ ಒಗರಿನ ತೊಟ್ಟಿಗಳು, ಸಾಲಾಗಿ ಆರು.
ಮೊದಲನೆಯದು ಚಹಾದಷ್ಟು ತಿಳಿ,
ಕೊನೆಯದು ಡಾಂಬರಿನಷ್ಟು ದಟ್ಟ.
ತಂಗಡಿ, ಜಾಲಿ, ಕುಟ್ಟಿದ ಅಳಲೆಕಾಯಿ.
ನಾನು ಆರು ವರ್ಷದವಳು, ಕೇಳಿದ್ದೆ:
ಸೀದಾ ಕೊನೇದರಾಗ ಹಾಕಿದರ ಏನಾಗ್ತದ?
ಅಜ್ಜ ಅಳಲೆಯ ಚೂರೊಂದನ್ನು ನಾಲಿಗೆ ಮೇಲಿಟ್ಟ.
ಬಾಯಿ ಲಾಡಿ ಎಳೆದ ಚೀಲವಾಯಿತು.
"ತಿಳೀತೇನು ಜಗದೇವಿ? ಒಮ್ಮಿಗೇ ಕೊಟ್ಟರ ಮ್ಯಾಲಿಂದ ಬಾಯಿ ಮುಚ್ಚತದ,
ಒಳಗ ಹಸೀನೇ ಉಳಿತದ.
ಕೊಳಿಯೂದು ಒಳಗಿಂದ ಶುರು."

ನಲವತ್ತು ದಿನ, ಅರವತ್ತು, ಕೋಣದ ಬೆನ್ನಾದರೆ ಇನ್ನೂ.
ನೀರು ಕೂತಿದ್ದ ಜಾಗಕ್ಕೆಲ್ಲ ಒಗರು ಹೋಗಿ ಕೂರುತ್ತದೆ,
ಎಳೆ ಎಳೆ ಹಿಡಿದುಕೊಂಡು.
ಇನ್ನು ಮೇಲೆ ನೀರು ಬಂದರೂ ನೆಂಟ, ಮನೆಯವನಲ್ಲ.
ಅಂಚು ಕೊಯ್ದು ನೋಡುವನು,
ನಡುವೆ ಕೂದಲೆಳೆಯಷ್ಟು ಬಿಳಿ ಕಂಡರೂ ಮತ್ತೆ ತೊಟ್ಟಿಗೆ.

ಪಕ್ಕದ ಕಾರಖಾನೆಯಲ್ಲಿ ಡ್ರಮ್ಮು ತಿರುಗುತ್ತಿತ್ತು,
ಒಂದೇ ದಿನಕ್ಕೆ ನೀಲಿ ತೊಗಲು.
ಅದೂ ಖರೇನೇ, ಅನ್ನುತ್ತಿದ್ದ, ಮೆತ್ತಗ, ಚೆಂದ.
ಸುಳ್ಳೆಂದರೆ ಅಡಿಪದರ ಸೀಳಿ ಪ್ಲಾಸ್ಟಿಕ್ ಹೊದಿಸಿದ್ದು,
ಎರಡು ಮಳೆಗಾಲಕ್ಕೆ ಸುಲಿಯುತ್ತದೆ
ಬಿಸಿಲಿಗೆ ಬೆಂದ ಮೂಗಿನ ಹಾಗೆ.
ಎಳೆಗಳು ಬಿಗಿಯಾಗಿ ಹೆಣೆದಿರುವುದು ಹೊರಮೈಯಲ್ಲೇ,
ಅದನ್ನು ಉಜ್ಜಬಾರದು.
ಉಣ್ಣಿ ಕಚ್ಚಿದ ಚುಕ್ಕೆ, ಮುಳ್ಳುತಂತಿಯ ಗೀರು, ಇರಲಿ.

ಜನ ಅನ್ನುತ್ತಾರಲ್ಲ, ಋಣದ ಮಾತು ಬಂದಾಗ,
ನನ್ನ ಚರ್ಮದ ಜೋಡು ಮಾಡಿಸಿ ತೊಡಿಸುವೆ ಅಂತ.
ಅಜ್ಜ ನಗುವನು: "ಮನಷ್ಯಾನ ತೊಗಲು ತೆಳುವು, ವಾರಕ್ಕ ಹರೀತದ.
ಆ ಋಣಕ್ಕೂ ಎಮ್ಮೀನೇ ಬೇಕು."
ಹಾಗನ್ನುವವರು ಯಾರೂ
ನಮ್ಮ ಲೋಟದಲ್ಲಿ ನೀರು ಕುಡಿದವರಲ್ಲ.

ಚೀಲದ ಮುಚ್ಚಳ ಎತ್ತಿದೆ.
ಎಡ ಮೂಲೆಯಲ್ಲಿ ಬರೆಯ ಗುರುತು, ಅರ್ಧಚಂದ್ರ.
ಯಾವ ಊರಲ್ಲೋ ಯಾವ ಎಮ್ಮೆಗೋ ಕಾಯಿಲೆ ಬಿದ್ದಾಗ
ಯಾರೋ ಕಾದ ಕುಡುಗೋಲು ಇಟ್ಟಿದ್ದರು.
"ಇದನ್ನ ಬಣ್ಣ ಹಾಕಿ ಮುಚ್ಚೋಕಾಗುತ್ತಾ?" ಅಂದಳು.
ಇಲ್ಲ ಅಂದೆ. ಆಗುತ್ತಿತ್ತು.

ಅಜ್ಜನದೇ ಎಂದು ಹೇಳಲಾರೆ. ತೊಗಲಿಗೆ ಸಹಿ ಇರುವುದಿಲ್ಲ.
ಆ ಆರು ತೊಟ್ಟಿಗಳ ಮೇಲೆ ಈಗ ಏಳು ಮಹಡಿ,
ನೆಲಮಾಳಿಗೆ ಪ್ರತಿ ಜುಲೈಗೆ ಒಸರುತ್ತದಂತೆ.

ಮೇಣ ಹಚ್ಚಿದ ದಾರ, ಎರಡು ಸೂಜಿ.
ಹಳೆಯ ತೂತುಗಳಲ್ಲೇ ಹಾಯಿಸಿದೆ.
ಒಂದೂ ಹೊಸದು ಬೇಕಾಗಲಿಲ್ಲ.
ನೂರಾ ಇಪ್ಪತ್ತು ಕೊಟ್ಟು, ಎಷ್ಟು ವರ್ಷ ಬರುತ್ತೆ ಎಂದಳು.
ದಾರಕ್ಕೆ ಹತ್ತು ಅಂದೆ.

ಅವಳು ಹೋದ ಮೇಲೆ ಚಹಾ ಬಂತು.
ಆರಿತ್ತು, ಹೆಚ್ಚು ಕುದಿಸಿದ್ದ ಹುಡುಗ.
ಒಂದು ಗುಟುಕಿಗೆ ನಾಲಿಗೆ ಹಿಡಿದುಕೊಂಡಿತು.