ಏಳು ಗಂಟು

ಅಲ್ತಾಯ್ ಬೆಟ್ಟಗಳ ಬುಡದ ನಮ್ಮ ಶಾಲೆಯಲ್ಲಿ
ನವೆಂಬರಿನ ಮೂರು ದಿನ ನಮಗೇ ಪಾಠ.
ಮಕ್ಕಳ ಬೆಂಚಿಗೆ ಮಂಡಿ ತುರುಕಿ ಕೂತೆವು
ಹದಿನಾಲ್ಕು ಮಂದಿ, ನರೆತವರೇ ಹೆಚ್ಚು.
ಒಲೆಗೆ ಕಲ್ಲಿದ್ದಲು ಸುರಿದು, ಕೈ ಒರೆಸಿಕೊಂಡು
ಕಲಿಸಲು ಬಂದ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು,
ಎಂದಳು: ಮೈಯ ಭಾಗಗಳಿಗೆ
ಇರುವ ಹೆಸರನ್ನೇ ಹೇಳಿ. ಜೋರಾಗಿ.

ಮೊಣಕೈ ಬಂತು. ಭುಜ ಬಂತು.
ಹೊಕ್ಕುಳ ದಾಟದೆ ನಿಂತೇ ಹೋಯಿತು ಸವಾರಿ.
ಡ್ರಿಲ್ ಮೇಷ್ಟ್ರು ಗನ್‌ಜೊರಿಗ್‌ಗೆ ಕೆಮ್ಮು.
ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದ ನಾನು
ಒಲೆಯ ಬಾಗಿಲ ತಿರುಪು ಎಣಿಸುತ್ತಿದ್ದೆ.

"ನಿಮ್ಮ ನಾಲಿಗೆಗೇ ಬಾರದ ಮಾತನ್ನು
ಏಳು ವರ್ಷದ ಮಗು ಯಾವ ಬಾಯಿಂದ ಹೇಳಬೇಕು?"
ಕೇಳಿದ್ದು ಇಷ್ಟೇ. ಆಮೇಲೆ ಬೋರ್ಡು ಒರೆಸಿದಳು.

ಆ ರಾತ್ರಿ ಸೊಲೊಂಗೊ ನೆನಪಾದಳು.
ಕುರಿಗಾಹಿಗಳ ಮಗಳು, ಹಾಸ್ಟೆಲಿನ ಮೂರನೇ ಮಂಚ.
ಮಲಗುವಾಗಲೂ ನಿಲುವಂಗಿ ಕಳಚುತ್ತಿರಲಿಲ್ಲ,
ನಡುಪಟ್ಟಿಗೆ ಒಂದರ ಮೇಲೊಂದು ಏಳು ಗಂಟು.
ಒಮ್ಮೆ ಬೆಳಗಿನ ಸಾಲಿನಲ್ಲಿ, ಎಲ್ಲರೆದುರು,
ಅಷ್ಟನ್ನೂ ಬಿಡಿಸಿದವಳು ನಾನೇ.
ಒಂದೇ ಗಂಟು ಹಾಕಿ ತೋರಿಸಿದೆ. ಅಚ್ಚುಕಟ್ಟು.
"ನೋಡು, ಎಷ್ಟು ಸುಲಭ."

ವಸಂತಕ್ಕೆ ಶಾಲೆ ಬಿಟ್ಟಳು.
ಕಾರಣದ ಕಾಲಮ್ಮಿನಲ್ಲಿ 'ಮನೆಗೆಲಸ' ಎಂದು ಬರೆದೆ.
ನನ್ನ ಅಕ್ಷರ ದುಂಡಗೆ.
ಏನಾಗಿತ್ತೋ ಗೊತ್ತಿಲ್ಲ. ಏನೂ ಆಗಿರಲಿಲ್ಲವೋ.
ಗೊತ್ತಾಗದಿರಲಿ ಎಂದು
ಎಷ್ಟು ಕಷ್ಟಪಟ್ಟಿದ್ದೆನೋ, ಅದೀಗ ಗೊತ್ತು.

ಮೂರನೇ ದಿನ ಎದ್ದು ನಿಂತು ಹೇಳಿದೆ
ಆ ಹೆಸರುಗಳನ್ನು, ಮಗ್ಗಿ ಒಪ್ಪಿಸುವಂತೆ.
ಯಾರೂ ನಗಲಿಲ್ಲ.
ಗನ್‌ಜೊರಿಗ್ ಮಾತ್ರ ತಲೆಯೆತ್ತದೆ ಕೇಳಿದ:
ಹಾಸ್ಟೆಲಿನ ಕೀಲಿಕೈ ಯಾರ ಯಾರ ಹತ್ತಿರ?
ಮಾಡಿಸಿದ್ದು ಒಂಬತ್ತು.
ಸಂಜೆಯವರೆಗೆ ಹುಡುಕಿ ಮೇಜಿನ ಮೇಲಿಟ್ಟದ್ದು ಏಳು.
ಆ ರಾತ್ರಿಯೇ ಬೀಗ ಬದಲಾಯಿಸಿದೆವು,
ಕೈ ಮರಗಟ್ಟಿ, ಟಾರ್ಚು ಹಲ್ಲಲ್ಲಿ ಕಚ್ಚಿ.

ನಿನ್ನೆ ಭಾಗಾಕಾರದ ನಡುವೆ
ಪುಟ್ಟ ತೆಮುಲೆನ್ ಬಂದು ತೋಳು ಜಗ್ಗಿದ.
"ಬಗ್ಷಾ, ಒಂದು ಮಾತು."
ಶೇಷ ಹಾಗೇ ಬಿಟ್ಟು, ಸೀಮೆಸುಣ್ಣ ಇಟ್ಟು,
ನೋಯುವ ಮಂಡಿಯಲ್ಲೇ ನೆಲಕ್ಕೆ ಕೂತೆ.
ಅವರ ಕುದುರೆಮರಿಯನ್ನು ತೋಳ ಎಳೆದೊಯ್ದಿತಂತೆ.
ಹಣೆಯಲ್ಲಿ ಬಿಳಿ ಚುಕ್ಕೆ ಇತ್ತಂತೆ.
ಗಂಟೆ ಹೊಡೆಯಿತು. ಹೊಡೆಯಲಿ.
"ಹ್ಞೂಂ," ಎಂದೆ, "ಆಮೇಲೆ?"