ನಿರಿಗೆ

"ಬಣ್ಣದ ರಕ್ತ ಒಂದು ಹನಿ ಇದಕ್ಕೆ ತಗಲಲಿ, ಆಮೇಲಿದೆ ನಿನಗೆ,"
ಎಂದಿದ್ದಳು ಮೋರಾಗ್. ಹಾಗಾಗಿ
ಸ್ಟ್ರುವನ್‌ನ ಹೆಣಕ್ಕೆ ಸೊಂಟದ ಮೇಲಷ್ಟೇ ಗಾಯ.
ಕೆಳಗೆ ಅಜ್ಜನ ಕಿಲ್ಟು: ಎಂಟು ಗಜ ಉಣ್ಣೆ,
ಎರಡು ಸುತ್ತು ಸುತ್ತಿ ಪಿನ್ನು ಚುಚ್ಚಿದರೂ
ಮೀನಖಂಡಕ್ಕೆ ಬಡಿಯುತ್ತದೆ.

ಒಬಾನಿನ ಏರುದಾರಿ. ಕಡಲಗಾಳಿ.
ಉಳಿದ ಭೂತಗಳೆಲ್ಲ ಪ್ಲಾಸ್ಟಿಕ್ಕು, ಪಟಪಟ ಹಾರಿಹೋದವು;
ಇವನೊಬ್ಬ, ಎರಡೂ ಕೈಯಲ್ಲಿ ನಿರಿಗೆ ಅದುಮಿಕೊಂಡು
ಓಡಲಾರದ ಪ್ರೇತ.

ಟರ್ನಿಪ್ಪಿನೊಳಗೆ ದೀಪ. ಬಾಗಿಲಲ್ಲಿ ಮುದುಕಿ ಇಶ್ಬೆಲ್.
"ಯಾರಪ್ಪಾ ನೀನು?"
"ಯುದ್ಧದಲ್ಲಿ ಸತ್ತವನು."
ಹೇಳಬೇಕಿದ್ದ ಪದ್ಯ ಮರೆತೇಹೋಯಿತು.

ಅವಳು ಬಗ್ಗಿ, ಹಿಂದುಗಡೆ, ಎಡಕ್ಕೆ,
ನುಸಿ ತಿಂದಲ್ಲಿ ಬೇರೆಯೇ ಹಸಿರಿನ ನೂಲು ಹಾಕಿದ್ದನ್ನು
ಬೆರಳಲ್ಲಿ ಹುಡುಕಿ,
"ಸುಳ್ಳ. ನನ್ನ ಮದುವೇಲಿ ಕುಣಿದವನು ನೀನು,"
ಅಂದಳು. ಬೊಗಸೆ ತುಂಬ ಕಡಲೆಕಾಯಿ ಚಾಚಿದಳು.

ಇಸಿದುಕೊಳ್ಳಲು ಕೈ ಬೇಕು.
ಗಾಳಿ ಕಾಯುತ್ತಿತ್ತು.